ಕೈಗೇರಿನ ಗಾಡಿ

ಹರ್ಷದಾ ಬಿದ್ದದ್ದು ಎಡಕ್ಕೆ. ಬನಹಟ್ಟಿಯ ಹೊರಗಿನ ಖಾಲಿ ಮೈದಾನದಲ್ಲಿ ಒಂದು ಸುತ್ತು ಚೆಂದವಾಗಿಯೇ ಹೊಡೆದಳು. ನಿಲ್ಲಿಸಲು ಬ್ರೇಕ್ ಹಿಡಿದಾಗ ಗಾಡಿ ಎಡಕ್ಕೆ ವಾಲಿತು, ಊರಿದ ಎಡಗಾಲು ಭಾರ ತಡೆಯಲಿಲ್ಲ, ಗಾಡಿಯೂ ಅವಳೂ ಕೂಡಿಯೇ ನೆಲ ಕಂಡರು.

ಗಾಡಿ ಕಟ್ಟಿದ ಸುಭಾಷ್ ಓಡಿದ. ಅವನಿಗಿಂತ ಮೊದಲೇ ಅವಳ ತಂದೆ ಗುರುರಾಜರು ಮುಟ್ಟಿದ್ದರು.

"ಸಾಕಿನ್ನ," ಎಂದರು ಏದುಸಿರು ಬಿಡುತ್ತ. "ಒಮ್ಮೆ ಬಿದ್ರ, ಹಿಂದಿನ ಗಾಲಿ ಬಾಜೂಕ ಎರಡು ಸಣ್ಣ ಗಾಲಿ ಹಚ್ಚಿಸೋದು ಅಂತ ಮಾತಾಗಿತ್ತಲ್ಲ? ನಾಳೆನೇ ಹಚ್ಚಿಬಿಡ್ರಿ ಸುಭಾಷ್."

"ಮಾತಾಡಿದಾಂವ ನೀ ಅಪ್ಪಾ. ನಾ ಎಲ್ಲೆ ಹ್ಞೂಂ ಅಂದಿದ್ದೆ?" ಹರ್ಷದಾ ಮೊಣಕೈಗೆ ಹತ್ತಿದ ಮಣ್ಣು ಝಾಡಿಸಿಕೊಂಡಳು.

ಸುಭಾಷ್ ಗಾಡಿ ಎತ್ತಿ ನಿಲ್ಲಿಸಿದ. ಅವನ ಕಸುಬು ಪವರ್‌ಲೂಮ್ ರಿಪೇರಿ, ಹಳೆಯ ಗಾಡಿಗಳದು ಬರೀ ಹುಚ್ಚು. ನಾಲ್ಕು ತಿಂಗಳ ಹಿಂದೆ ಹರ್ಷದಾ ಒಂದು ಫೋಟೋ ಹಿಡಿದು ಅವನ ಶೆಡ್ಡಿಗೆ ಬಂದಿದ್ದಳು. ಎಂಬತ್ತು ತೊಂಬತ್ತು ವರ್ಷ ಹಿಂದಿನ ಮೋಟಾರ್ ಸೈಕಲ್ಲು: ತಟ್ಟೆಯಂಥ ದುಂಡು ದೀಪ, ಹನಿಯಾಕಾರದ ಟ್ಯಾಂಕು, ಸ್ಪ್ರಿಂಗಿನ ಒಂಟಿ ಸೀಟು. ಅವಳ ಬೆರಳು ಮಾತ್ರ ಟ್ಯಾಂಕಿನ ಬಲಕ್ಕೆ ನಿಂತಿದ್ದ ಕಬ್ಬಿಣದ ಸಲಾಕೆಯ ಮೇಲಿತ್ತು. "ಆ ಕಾಲಕ್ಕ ಗೇರು ಕೈಯಾಗಿತ್ತು. ನಂಗ ಇಂಥಾದ್ದು ಬೇಕು." ಎರಡನೆಯ ವರ್ಷದಲ್ಲಿ ಪೋಲಿಯೋ ಆದ ಅವಳ ಎಡಗಾಲಿಗೆ ಗೇರು ಒತ್ತುವ ಬಲವಿರಲಿಲ್ಲ.

"ಮೂರು ಗಾಲಿ ಸ್ಕೂಟರ್ ಸಿಗತಾವಲ್ರೀ ಮೇಡಂ?" ಎಂದು ಅಂದು ಕೇಳಿದ್ದ.

"ಅದನ್ನ ನೋಡಿದವರು ಮೊದಲ ನನ್ನ ಕಾಲು ನೋಡ್ತಾರ. ಇದನ್ನ ನೋಡಿದವರು ಗಾಡಿ ನೋಡಬೇಕು."

ಆ ಮಾತಿಗೇ ಅವನು ಒಪ್ಪಿದ. ಗುಜರಿಯಿಂದ ಎಂಜಿನ್ ತಂದ, ತಗಡು ಬಡಿದು ಬಡಿದು ಟ್ಯಾಂಕಿಗೆ ಆಕಾರ ಕೊಟ್ಟ. ಎಂಜಿನ್ನಿನ ಎಡಕ್ಕಿದ್ದ ಗೇರನ್ನು ಬಲಗೈಗೆ ಮುಟ್ಟಿಸುವುದು ಕಷ್ಟವಿತ್ತು. ಮಗ್ಗದಲ್ಲಿ ಒಂದು ಬದಿಯ ಎಳೆತವನ್ನು ಅಡ್ಡ ಸರಳಿಗೆ ಹಾಕಿ ಇನ್ನೊಂದು ಬದಿಗೆ ಒಯ್ಯುತ್ತಾರಲ್ಲ, ಅದೇ ಉಪಾಯ ಇಲ್ಲಿಯೂ ಕೆಲಸ ಮಾಡಿತು.

"ಗೇರಿಂದ ಏನೂ ತಕರಾರಿಲ್ರೀ," ಎಂದ ಈಗ. "ನಿಲ್ಲಸೂದರಾಗ ಐತಿ. ಗಾಡಿ ಬಲಕ್ಕ ವಾಲಬೇಕು. ಹೆಂಗ ಅಂತ ಹೇಳಾಕ ನನಗ ಬರವಲ್ದು. ಇನ್ನೊಂದೆರಡು ಸಲ ನೋಡೂಣ್ರಿ."

ಎರಡು ಸಲವೂ ಗಾಡಿ ಎಡಕ್ಕೇ ವಾಲಿತು. ಪಕ್ಕದಲ್ಲಿ ಓಡುತ್ತಿದ್ದ ಸುಭಾಷ್ ಹಿಡಿದುಕೊಂಡದ್ದರಿಂದ ಬೀಳಲಿಲ್ಲ, ಅಷ್ಟೇ. ಎರಡು ಸಣ್ಣ ಗಾಲಿ ಹಚ್ಚುವುದು ಅವನಿಗೆ ಒಂದು ತಾಸಿನ ಕೆಲಸ. ಆದರೆ ಆಮೇಲೆ ಈ ಗಾಡಿಯ ಮುಖ ನೋಡಲು ತನಗೇ ಮನಸ್ಸಾಗಲಿಕ್ಕಿಲ್ಲ ಎನಿಸಿತು.

ಕಲ್ಲಿನ ಮೇಲೆ ಕುಳಿತಿದ್ದ ಗುರುರಾಜರು ಎದ್ದು ಬಂದರು. "ಹರ್ಷೂ, ಗಾಡಿ ಇಳಿದು ಹತ್ತು ಹೆಜ್ಜಿ ನಡಿ."

"ಯಾಕ?"

"ನಡೀ ಅಂದೆ."

ಅವಳು ಸಿಟ್ಟಿನಲ್ಲೇ ನಡೆದು ನಿಂತಳು.

"ನೋಡಿದ್ರೇನು ಸುಭಾಷ್? ನಿಲ್ಲೋಕ್ಕಿಂತ ಮೊದಲ ಬಲಗಡೆ ಭುಜ ಇಳಸ್ತಾಳ. ಮೂವತ್ತು ವರ್ಷದಿಂದ ನೋಡ್ಲಿಕ್ಕತ್ತೀನಿ. ಗಾಡಿ ಮ್ಯಾಲೆ ಮಾತ್ರ ನೆಟ್ಟಗ ಕೂಡ್ತಾಳ." ಮಗಳ ಕಡೆ ತಿರುಗಿದರು. "ನೀ ಹೆಂಗ ನಡೀತೀಯೋ ಹಂಗ ನಿಲ್ಲಸು."

ಹರ್ಷದಾ ಅಪ್ಪನ ಮುಖ ನೋಡಿದಳು. "ಸಾಲಿಗೆ ಹೋಗೂಮುಂದ ದಿನಾ ನೆಟ್ಟಗ ನಡಿ, ನೆಟ್ಟಗ ನಡಿ ಅಂತಿದ್ದಿ."

"ಅಂತಿದ್ದೆ," ಎಂದರು ಗುರುರಾಜರು. "ತಪ್ಪಾತು."

ಅವಳು ಗಾಡಿ ಏರಿದಳು. ಸಲಾಕೆ ಖಟ್ ಎಂದಿತು, ಮೊದಲ ಗೇರು. ಮತ್ತೊಮ್ಮೆ ಖಟ್, ಎರಡನೆಯದು. ಮೈದಾನದ ಆಚೆ ಅಂಚಿಗೆ ಹೋಗಿ ತಿರುಗಿ ಬಂದಳು. ಬ್ರೇಕ್ ಹಿಡಿಯುತ್ತಲೇ ಅವಳ ಬಲಭುಜ ಇಳಿಯಿತು, ಗಾಡಿ ಅದರ ಜೊತೆಗೇ ಮೆತ್ತಗೆ ಬಾಗಿತು, ಬಲಗಾಲು ಗೂಟದಂತೆ ನೆಲಕ್ಕೆ ನಿಂತಿತು. ಅವಳು ಕೂಡಲೇ ಮತ್ತೊಂದು ಸುತ್ತಿಗೆ ಹೊರಟಳು.

"ಹಿಂದ ಒಂದು ಸೀಟು ಇಡಬೇಕಾಗಿತ್ತು ನೋಡ್ರಿ," ಎಂದರು ಗುರುರಾಜರು ಹಿಗ್ಗಿನಿಂದ.

"ಬ್ಯಾಡ ಅಂದಾರ್ರಿ. ಸಾಲಿಗೆ, ಕಾಲೇಜಿಗೆ, ಈಗ ನೌಕರಿಗಂತ ಮುಧೋಳ ಕೋರ್ಟಿಗೆ, ಎಲ್ಲಾ ಕಡೆ ಮಂದಿ ಹಿಂದನ ಕುಂತ ಹೋಗೇನಿ, ಸಾಕಾತು ಅಂದ್ರು."

ಜಮಖಂಡಿಯಲ್ಲಿ ಹದಿನೈದು ವರ್ಷ ಅವಳನ್ನು ತಮ್ಮ ಸ್ಕೂಟರಿನ ಹಿಂದೆ ಕೂಡಿಸಿಕೊಂಡು ತಿರುಗಿದವರು ಗುರುರಾಜರೇ. ಗಾಡಿ ಹತ್ತಿರವಾದಾಗ ಅಭ್ಯಾಸಬಲದಿಂದ ಅವಳನ್ನು ಹಿಡಿಯಲು ಎರಡೂ ಕೈ ಚಾಚಿ ಅದರ ಎದುರಿಗೇ ಹೋಗಿ ನಿಂತರು.

"ಅಪ್ಪಾ, ಬಾಜೂ ಸರೀ!" ಎಂದು ಹರ್ಷದಾ ದೂರದಿಂದಲೇ ಕೂಗಿದಳು.

ಗುರುರಾಜರು ಕೈ ಇಳಿಸಿ, ದಾರಿ ಬಿಟ್ಟು ನಿಂತರು.