ಕೌದಿಯ ತುಂಡು

ಗುರುಲಿಂಗ ಮತ್ತೊಮ್ಮೆ ಚಾವಿ ತಿರುವಿದ. ಹಳೆಯ ಟ್ರ್ಯಾಕ್ಟರ್ 'ಟಕ್' ಎಂದು ಸುಮ್ಮನಾಯಿತು. ವಾರವಿಡೀ ಹಿಡಿದ ಮಳೆ ನಿಂತು ಹೊಲ ಹದಕ್ಕೆ ಬಂದಿತ್ತು. ಜೋಳದ ಬೀಜದ ಚೀಲ ಕಟ್ಟೆಯ ಮೇಲೆ ಕಾಯುತ್ತಿತ್ತು. ಬಿಸಿಲು ಬಲಿತರೆ ಕರಿಮಣ್ಣು ಬಿರಿಯುತ್ತದೆ, ಬಿತ್ತಿದ್ದು ಹುಟ್ಟುವುದಿಲ್ಲ. ತಾಯಿ ಕಾಶಿಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

ಟ್ರ್ಯಾಕ್ಟರ್ ಅವಳ ಗಂಡ ಕೊಂಡದ್ದು. ಅವನು ಹೋದ ಮೇಲೆ ಮಕ್ಕಳು ಹೊಲವನ್ನು ಎರಡು ಮಾಡಿಕೊಂಡರು. ಟ್ರ್ಯಾಕ್ಟರನ್ನು ಎರಡು ಮಾಡಲಾಗದೆ ಪಾಳಿ ಹಚ್ಚಿದರು, ಒಂದು ವಾರ ದೊಡ್ಡವನಿಗೆ, ಒಂದು ವಾರ ಸಣ್ಣವನು ಮಾಳಿಂಗನಿಗೆ. ಮಾಳಿಂಗನ ಪಾಳಿ ಪೂರ್ತಿ ಮಳೆಯಲ್ಲೇ ಕಳೆದಿತ್ತು. ನಿನ್ನೆ ಸಂಜೆ ಟ್ರ್ಯಾಕ್ಟರ್ ತಂದು ನಿಲ್ಲಿಸಿದಾಗ, ಒಂದು ಮುಂಜಾನೆ ಕೊಟ್ಟರೆ ಬಿತ್ತಿಕೊಳ್ಳುತ್ತೇನೆ ಎಂದು ಅಣ್ಣನನ್ನು ಕೇಳಿದ್ದ.

"ಪಾಳಿ ಅಂದ್ರ ಪಾಳಿ," ಎಂದು ಗುರುಲಿಂಗ ಚಾವಿಗಾಗಿ ಕೈ ಚಾಚಿದ್ದ.

ನಿಂಬರ್ಗಾದಿಂದ ಮೆಕ್ಯಾನಿಕ್ ಅಬ್ದುಲ್ ಗನಿ ಬಂದ. ಹೆಡ್‌ಲೈಟ್ ಹಚ್ಚಿಸಿದ, ಚೆನ್ನಾಗಿಯೇ ಉರಿಯಿತು. ಉರಿಯುತ್ತಿರುವಾಗಲೇ ಚಾವಿ ತಿರುವಲು ಹೇಳಿದ. ದೀಪ ಪೂರ್ತಿ ಆರಿಹೋಯಿತು. ಬ್ಯಾಟರಿಯಲ್ಲಿ ಜೀವ ಇದೆ, ಸ್ಟಾರ್ಟರಿಗೆ ಬೇಕಾದಷ್ಟು ಕರೆಂಟಿಗೆ ಎಲ್ಲೋ ದಾರಿ ಕಟ್ಟಿದೆ ಎಂದ. ಬ್ಯಾಟರಿಯ ದಪ್ಪ ವೈರು ಟ್ರ್ಯಾಕ್ಟರಿನ ಕಬ್ಬಿಣಕ್ಕೆ ಕೂಡುವಲ್ಲಿ ಪಾನಾ ಹಾಕಿ ಬೋಲ್ಟ್ ಸಡಿಲಿಸಿದ. ವೈರಿಗೂ ಕಬ್ಬಿಣಕ್ಕೂ ನಡುವೆ ಮಡಿಚಿ ತುರುಕಿದ ಬಟ್ಟೆಯ ತುಂಡೊಂದು ಇತ್ತು.

ಗ್ರೀಸಿನ ಅಡಿಯಲ್ಲಿ ಹಸಿರು ಕಾಣಿಸಿತು, ಕೆಂಪು ದಡಿ ಕಾಣಿಸಿತು. ಕಾಶಿಬಾಯಿ ಎರಡನೆಯ ಸಲ ನೋಡಬೇಕಾಗಿರಲಿಲ್ಲ. ತನ್ನ ಹಳೆಯ ಇಳಕಲ್ಲ ಸೀರೆಯನ್ನು ಅರ್ಧಕ್ಕೆ ಹರಿದು ಅವಳು ಎರಡು ಕೌದಿ ಹೊಲಿದಿದ್ದಳು, ಇಬ್ಬರು ಮಕ್ಕಳಿಗೆ ಒಂದೊಂದು.

"ಇಲಿ ತಂದಿಟ್ಟಿರಬೇಕು," ಎಂದು ಕೈ ಒಡ್ಡಿದಳು.

"ಬೋಲ್ಟ್ ಬಿಗಿಯೋ ಇಲಿ ನಾ ಇನ್ನೂ ನೋಡಿಲ್ರಿ ಅವ್ವಾರ," ಎಂದು ಗನಿ ನಕ್ಕ. ಬೇರೆ ಯಾರೂ ನಗದ್ದರಿಂದ ತಲೆ ತಗ್ಗಿಸಿ ವೈರಿನ ತುದಿ ಉಜ್ಜಿ ಮತ್ತೆ ಬಿಗಿದ. ಒಂದೇ ತಿರುವಿಗೆ ಇಂಜಿನ್ ಗುಡುಗಿತು. ಗುರುಲಿಂಗ ತಾಯಿಯ ಮುಷ್ಟಿಯನ್ನೊಮ್ಮೆ ನೋಡಿದ. ಬೀಜದ ಚೀಲ ಹೇರಿಕೊಂಡು ಹೊಲಕ್ಕೆ ಹೊರಟ.

ಜಗಳ ಇಂದು ಆಗುತ್ತದೆ, ನಾಳೆ ಆಗುತ್ತದೆ ಎಂದು ಕಾಶಿಬಾಯಿ ವಾರವೆಲ್ಲ ಅಂಜಿದಳು. ಆಗಲಿಲ್ಲ. ಹೊಲಕ್ಕೆ ಬುತ್ತಿ ಒಯ್ದ ದಿನ ಬದುವಿನಲ್ಲಿ ಕೂತು, "ಸಣ್ಣಾಂವ ಅದಾನ, ಹೊಟ್ಟಿಗಿ ಹಾಕ್ಕೋ ಮಗಾ," ಎಂದಳು.

"ನಾ ಅವಗ ಏನರ ಅಂದೇನೇನು?" ಎಂದು ಗುರುಲಿಂಗ ಇನ್ನಷ್ಟು ಪುಂಡಿಪಲ್ಯ ಹಾಕಿಸಿಕೊಂಡ. ಅವಳ ಎದೆ ಹಗುರಾಯಿತು.

ವಾರದ ಕೊನೆಗೆ ಇನ್ನೊಂದು ಸಣ್ಣ ಮಳೆ ಬಿದ್ದು ಮಾಳಿಂಗನ ಹೊಲಕ್ಕೂ ಹದ ತಂದಿತು. ಪಾಳಿ ಬದಲಾಗುವ ಸಂಜೆ ಗುರುಲಿಂಗ ಟ್ರ್ಯಾಕ್ಟರ್ ತೊಳೆದ. ಎಂದೂ ತೊಳೆದವನಲ್ಲ. ಸೀಟನ್ನೂ ಒರೆಸಿದ. ರೊಟ್ಟಿ ಬಡಿಯುತ್ತ ಕಾಶಿಬಾಯಿ ಅದನ್ನು ಕಿಟಕಿಯಿಂದ ನೋಡಿದಳು. ಮಾಳಿಂಗ ಬಂದರೆ ಇವತ್ತು ಇಬ್ಬರನ್ನೂ ಜೋಡಿಯಾಗಿ ಊಟಕ್ಕೆ ಕೂರಿಸಬೇಕೆಂದು ಎರಡು ರೊಟ್ಟಿಯ ಹಿಟ್ಟು ಹೆಚ್ಚಿಗೆ ನಾದಿದಳು.

ಗುರುಲಿಂಗ ಅಡುಗೆಮನೆಯ ಬಾಗಿಲಿಗೆ ಬಂದ. ಕೈಯಲ್ಲಿ ಪಾನಾ ಇತ್ತು.

"ಅವ್ವಾ, ಆ ತುಂಡ್ ಎಲ್ಲಿಟ್ಟಿ?"

ತುಂಡು ಅವಳ ಸೊಂಟದ ಎಲೆಅಡಿಕೆ ಚೀಲದಲ್ಲಿತ್ತು. "ಒಲ್ಯಾಗ ಹಾಕ್ದೆ," ಎಂದಳು.

"ಇರ್ಲಿ ಬಿಡು," ಎಂದು ಅವನು ಹೊರಗೆ ಹೋದ.

ರೊಟ್ಟಿ ತಿರುವಲು ಎತ್ತಿದ ಕೈ ಹಾಗೇ ನಿಂತಿತು. ಅಂಗಳದ ಹಗ್ಗದ ಮೇಲೆ ಗುರುಲಿಂಗನ ಕೌದಿ ಒಣಗುತ್ತಿತ್ತು. ಅದರಿಂದ ಅವಳೇ ಹಾಕಿದ ಹೊಲಿಗೆಗಳು ಪಟಪಟನೆ ಬಿಚ್ಚುವ ಸದ್ದು ಕೇಳಿಬಂತು.