ಖಾಲಿ ಪೆಟ್ಟಿಗೆಯ ಗೆರೆ

"ಕೀಲಿಕೈ ಒಪ್ಪಿಸಿ ಬರ್ತೀನಿ ಪೊಲೀಸಮ್ಮ. ಅಷ್ಟರಲ್ಲಿ ಖಾಲಿ ಪೆಟ್ಟಿಗೇದೊಂದು ಗೆರೆ ತೆಗೆದಿಟ್ಟಿರಿ, ನನ್ನ ಅಳತೆ ಮುಗಿದ ಹಾಗೆ," ಎಂದು ಮೇಷ್ಟ್ರು ಆಫೀಸಿನ ಕಡೆ ಹೊರಟರು. ಈ ಪ್ರಯೋಗಾಲಯದಲ್ಲಿ ಅದು ಅವರ ಕೊನೆಯ ಮಧ್ಯಾಹ್ನ. ಸಂಜೆಯ ರೈಲು ಹತ್ತಿದರೆ ನಾಳೆ ಬೇರೆ ಊರು, ಬೇರೆ ಕೆಲಸ.

ಪೊಲೀಸಮ್ಮ ಎಂಬುದು ಅವರೇ ಇಟ್ಟ ಹೆಸರು. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಯಂತ್ರವನ್ನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಅವಳು. ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ನಳಿಗೆಯನ್ನು ಯಂತ್ರದ ಪೆಟ್ಟಿಗೆಯಲ್ಲಿಟ್ಟು ಬೆಳಕು ಹಾಯಿಸಿದರೆ ಪರದೆಯ ಮೇಲೆ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಏಳುತ್ತವೆ. ಆ ಹಲ್ಲುಗಳ ಅಂತರ ಅಳೆದು, ಅಣುವಿನೊಳಗೆ ಇಂಗಾಲಕ್ಕೂ ಆಮ್ಲಜನಕಕ್ಕೂ ಎಷ್ಟು ದೂರ ಎಂದು ಮೇಷ್ಟ್ರು ಲೆಕ್ಕ ಹಾಕುತ್ತಿದ್ದರು. ಆಮೇಲೆ ನಳಿಗೆ ತೆಗೆದು ಖಾಲಿ ಪೆಟ್ಟಿಗೆಯನ್ನೂ ಅಳೆದು, ಅದನ್ನು ಮೊದಲಿನ ಅಳತೆಯಿಂದ ಕಳೆಯಬೇಕು. ಮನುಷ್ಯರ ಉಸಿರಿನಲ್ಲಿರುವುದೂ ಅದೇ ಅನಿಲವಾದ್ದರಿಂದ, ಮುಚ್ಚಳ ತೆರೆದಿರುವಷ್ಟು ಹೊತ್ತು ಯಾರೂ ಉಸಿರು ಬಿಡಕೂಡದು. ಬಿಟ್ಟವರಿಗೆ ಅವಳು ಚಳಿ ಬಿಡಿಸುತ್ತಿದ್ದಳು. ಒಮ್ಮೆ ವಿಭಾಗದ ಮುಖ್ಯಸ್ಥರಿಗೇ "ಬಾಯಿ ಮುಚ್ಚಿ" ಎಂದು ಗದರಿದಾಗ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆ ನಗುವಿಗೇ ಅವಳು ಸೋತದ್ದು. ಹೇಳಿಕೊಳ್ಳಲು ಮಾತ್ರ ಆಗಲಿಲ್ಲ. "ಬಾಯಿಗೇನು ಬೀಗ ಹಾಕ್ಕೊಂಡಿದ್ದೀಯೇನೇ? ನಲವತ್ತಾಯ್ತು. ಅವರಿಗೂ ಯಾರಿಲ್ಲ, ನಿಂಗೂ ಯಾರಿಲ್ಲ. ಹೇಳಿ ಸಾಯಬಾರದಾ?" ಎಂದು ಅಕ್ಕ ನಿನ್ನೆಯೂ ಫೋನಿನಲ್ಲಿ ತಲೆ ತಿಂದಿದ್ದಳು. ಹೇಳಿ, ಅವರು ಮುಖ ತಿರುಗಿಸಿದರೆ, ಎರಡು ಹೊತ್ತು ಜೊತೆಯಲ್ಲಿ ಕುಡಿಯುವ ಟೀಗೂ ಕಲ್ಲು ಬೀಳುತ್ತದೆಂಬ ಹೆದರಿಕೆ ಇಷ್ಟು ವರ್ಷವೂ ಅವಳಿಗೆ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಅವಳು ಮುಚ್ಚಳ ತೆರೆದು ನಳಿಗೆ ತೆಗೆದಳು. ಉಸಿರು ಬಿಗಿ ಹಿಡಿಯಬೇಕಾದ ಹೊತ್ತಿನಲ್ಲಿ ಅದೇನಾಯಿತೋ, ಖಾಲಿ ಪೆಟ್ಟಿಗೆಯೊಳಕ್ಕೆ ಬಗ್ಗಿ, "ಹೋಗಬೇಡಿ ಮೇಷ್ಟ್ರೇ. ನಿಮ್ಮನ್ನ ನೋಡದ ದಿನ ನಂಗೆ ದಿನಾನೇ ಅಲ್ಲ," ಎಂದುಬಿಟ್ಟಳು. ಎದೆ ಹಗುರಾಯಿತು. ಕೈ ಮಾತ್ರ ತನ್ನ ಪಾಡಿಗೆ ತಾನು ಮುಚ್ಚಳ ಮುಚ್ಚಿ ಗುಂಡಿ ಒತ್ತಿತು.

ಅಯ್ಯೋ, ಇದೇನು ಮಾಡಿಬಿಟ್ಟೆ ಎಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಒಳಗೆ ಬಂದಾಗಿತ್ತು. ನೇರವಾಗಿರಬೇಕಾದ ಗೆರೆಯ ಮೇಲೆ ಸಾಲಾಗಿ ಹಲ್ಲುಗಳು ಎದ್ದಿದ್ದವು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಯಾರಾದ್ರೂ ಬಂದಿದ್ರಾ?"

"ಇಲ್ಲ."

"ಬರೀ ಉಸಿರಿಗೆ ಇಷ್ಟು ಎತ್ತರ ಬರಲ್ಲ. ಯಾರೋ ಮಾತಾಡಿದ್ದಾರೆ." ಅವಳ ಕಡೆ ತಿರುಗಿ ಕೇಳಿದರು, "ಏನಂದ್ರಿ ಪೊಲೀಸಮ್ಮ?"

"ಏನೂ ಇಲ್ಲ. ಸೀನು ಬಂತು," ಎಂದಳು.

"ಇನ್ನೊಂದ್ಸಲ ತೆಗೀರಿ. ಈ ಸಲ ನಾನೂ ಇಲ್ಲೇ ಕೂತಿರ್ತೀನಿ."

ನಳಿಗೆ ಒಳಗಿಟ್ಟು, ನೈಟ್ರೋಜನ್ ಹಾಯಿಸಿ ಪೆಟ್ಟಿಗೆಯ ಗಾಳಿ ತೊಳೆದು, ಮೊದಲಿನಿಂದ ಎಲ್ಲ ಮಾಡಲು ಅರ್ಧ ಗಂಟೆ ಹಿಡಿಯಿತು. ಇಬ್ಬರೂ ಎರಡು ಸ್ಟೂಲಿನ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದರು. ಮೇಷ್ಟ್ರು ಎರಡು ಸಲ ಬಾಯಿ ತೆರೆದರು. ಮೊದಲ ಸಲ, ಹೊಸ ಊರಿನಲ್ಲಿ ಚಳಿ ಜಾಸ್ತಿಯಂತೆ ಎಂದರು. ಎರಡನೆಯ ಸಲ ಏನೂ ಹೇಳದೆ ಮುಚ್ಚಿಕೊಂಡರು.

ಅವಳು ಮುಚ್ಚಳ ತೆರೆದು ನಳಿಗೆ ಎತ್ತಿದಳು. ಮೇಷ್ಟ್ರು ಪೆಟ್ಟಿಗೆಯನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. ಹೇಳಿಬಿಡು, ಹೇಳಿಬಿಡು ಎಂದು ಅವಳ ಜೀವ ಹಾತೊರೆಯಿತು. ಆದರೆ ಒಂಬತ್ತು ವರ್ಷದ ರೂಢಿ, ಇಬ್ಬರೂ ಉಸಿರು ಕಟ್ಟಿಕೊಂಡೇ ಇದ್ದರು. ಅವಳು ಮುಚ್ಚಳ ಮುಚ್ಚಿದಳು.

ಪರದೆಯ ಮೇಲೆ ಗೆರೆ ಒಂದು ಚೂರೂ ಅಲುಗದೆ ನೇರವಾಗಿ ಹೋಯಿತು. ಇಷ್ಟು ಶುದ್ಧವಾದದ್ದು ಆ ಯಂತ್ರದಲ್ಲಿ ಎಂದೂ ಬಂದಿರಲಿಲ್ಲ.

"ಚೆನ್ನಾಗಿ ಬಂತು," ಎಂದರು ಮೇಷ್ಟ್ರು. ದನಿ ಸಪ್ಪಗಿತ್ತು.

ಆ ಗೆರೆಯಿಂದಲೇ ಲೆಕ್ಕ ಮುಗಿಸಿ, ಅಂಕಿಯನ್ನು ವರದಿಯಲ್ಲಿ ಬರೆದು ಸಹಿ ಹಾಕಿದರು. ರೈಲಿಗೆ ಹೊತ್ತಾಗುತ್ತಿತ್ತು. ಎದ್ದವರು ಮತ್ತೆ ಕೂತು, ಪೆನ್ ಡ್ರೈವ್ ಸಿಕ್ಕಿಸಿ ಒಂದೇ ಒಂದು ಫೈಲನ್ನು ಹಾಕಿಕೊಂಡರು. ಅವಳು ಹಿಂದಿನಿಂದ ನೋಡುತ್ತಿದ್ದಳು.

"ಮೇಷ್ಟ್ರೇ, ಅದು ಮೊದಲು ತೆಗೆದಿದ್ದು. ಕೆಟ್ಟಿರೋದು."

"ಗೊತ್ತು," ಎಂದು ಅವರು ಪೆನ್ ಡ್ರೈವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.