ಹಿಂದಿನ ಗಾಲಿಯ ಆಯಿಲ್

ಸುಟ್ಟ ಗೇರ್ ಆಯಿಲ್ ವಾಸನೆ ಬಂದರೆ ಇಂದಿಗೂ ನನಗೆ ಚಿಕ್ಕಂದಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆ ಮಧ್ಯಾಹ್ನ ಜೇವರ್ಗಿ ರಸ್ತೆಯಲ್ಲಿ, ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ನಮ್ಮ ಪಿಕಪ್ಪಿನ ಹಿಂದಿನ ಗಾಲಿಗಳು ಕಿರುಚುತ್ತಾ ಬಿಗಿದು ನಿಂತವು. ಅಪ್ಪ ಇಳಿದವನೇ ಡ್ರೈವರ್ ಶರಣಪ್ಪ ಕಾಕಾನ ಹೆಗಲಿಗೆ ಗಾಲಿ ಬಿಚ್ಚುವ ಪಾನಾದಿಂದ ಹೊಡೆದ.

"ಗಾಡಿ ಹಾಳ ಮಾಡಿದ್ಯಲ್ಲೋ, ಹಲ್ಕಟ್!"

"ಹಿಂದಿನ ಗಾಲಿ ಗೇರಿನ ಆಯಿಲ್ ಹಳೇದಾಗ್ಯಾದ, ತೆಗದು ಹೊಸಾದು ಹಾಕೂಣು ಅಂತ ಎರಡ ಸಲ ಹೇಳೀನ್ರಿ ಸಾವ್ಕಾರ್ರ. ಸೋರಾಕತ್ತಿಲ್ಲ, ಯಾಕ ಬೇಕು ಅಂತ ನೀವ ಅಂದ್ರಿ."

ಅಪ್ಪ ಅವನ ಬಾಯಿಗೆ ಗುದ್ದಿದ. ಕಾಕಾ ರಕ್ತ ಉಗುಳಿ, ಗಾಡಿಯಡಿ ತೆವಳಿ, ಆಯಿಲ್ ಇಳಿಸುವ ನಟ್ಟು ಬಿಚ್ಚಿ ಡಬ್ಬಿ ಹಿಡಿದ. ಇಳಿದದ್ದು ಡಾಂಬರಿನಂಥ ಆಯಿಲ್. ಅದರ ತುಂಬ ಸವೆದ ಗೇರಿನ ಉಕ್ಕಿನ ಚೂರು.

"ನೋಡ್ರಿ," ಎಂದು ಎರಡೂ ಕೈಯಲ್ಲಿ ಡಬ್ಬಿ ಎತ್ತಿ ಹಿಡಿದ.

ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಹೊಡೆದ ಏಟೇ ಎಲ್ಲಕ್ಕಿಂತ ಜೋರಾಗಿತ್ತು.